ಭಾವನನ್ನು ಹೊರಗೆ ಕಳಿಸಬೇಡಿ

ಮೊಮ್ಮಗಳು ತಿಯೆಸೆ ಲುಸಾಕಾಕ್ಕೆ ಹೋಗಬೇಕೆಂಬ ಕಾಗದ ಬಂದ ದಿನ ನಾನು ಅಂಗಳದಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಿದ್ದೆ. ಕಾಗದ ತಂದವರು ಅವಳ ಶಾಲೆಯ ಮ್ವಾಲೆ ಮೇಡಂ. ಹಸುಗೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಅಷ್ಟು ದೂರ ಸೈಕಲ್ ತುಳಿದು ಬಂದಿದ್ದರು.

“ಯೋತಾಮು ಅಜ್ಜ, ನಿಮ್ಮ ಹುಡುಗಿ ಬರೆದ ಪ್ರಬಂಧ ಇಡೀ ಚಿಪಾಟಾ ಜಿಲ್ಲೆಗೇ ಮೊದಲು ಬಂದಿದೆ. ರಾಜಧಾನೀಲಿ ಅಣಕು ಸಂಸತ್ತು ಮಾಡ್ತಾರೆ. ಎಲ್ಲಾ ಸೀಮೆಯಿಂದಾನೂ ಮಕ್ಕಳು ಬಂದು ದೊಡ್ಡೋರ ಹಾಗೆ ಕೂತು ವಾದ ಮಾಡ್ತಾರೆ. ನಮ್ಮ ಕಡೆಯಿಂದ ಇವಳೇ ಸದಸ್ಯೆ.”

“ಅಲ್ಲಿ ಮಾತಾಡಬೇಕಾ?”

“ಮತ್ತೆ? ಸಂಸತ್ತಲ್ಲಿ ಮಾತಾಡದೆ ಇನ್ನೇನು, ಜೋಳ ಬಿಡಿಸ್ತಾರಾ? ಮೂರು ನಿಮಿಷ ಎದ್ದು ನಿಂತು ಮಾತಾಡಬೇಕು.” ಮೇಡಂ ಗುಡಿಸಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ನನಗೂ ಅದೇ ಭಯ, ಅಜ್ಜ.”

ಭಯ ಪಡುವಂಥದ್ದೇ. ತಿಯೆಸೆ ಬರೆಯಲು ಕೂತರೆ ಹತ್ತು ಪುಟ. ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿದರೆ ತುಟಿ ಬಿಗಿದುಕೊಂಡು ನೆಲ ನೋಡುತ್ತಾಳೆ. ಮನೆಯಲ್ಲೂ ಹೌದು, ಇಲ್ಲ, ನೀರು ತರಲಾ, ಅಷ್ಟೇ. ಹುಟ್ಟಿನಿಂದ ಹಾಗಿದ್ದವಳಲ್ಲ. ಅಮ್ಮನ ಹಿಂದೆ ಮುಂದೆ ವಟಗುಟ್ಟುತ್ತ ಓಡಾಡುತ್ತಿದ್ದವಳು. ಅಮ್ಮ ಎಂದರೆ ನನ್ನ ಮಗಳು ಜೆಲಿಪಾ. ಅವಳು ಜ್ವರದಲ್ಲಿ ತೀರಿಹೋಗಿ ಎರಡು ವರ್ಷ. ಹುಡುಗಿಯ ಬಾಯಿ ಮುಚ್ಚಿಯೂ ಅಷ್ಟೇ ವರ್ಷ.

“ಅವಳಿಗೆ ಹೋಗೋ ಮನಸ್ಸಿದೆಯೋ ಇಲ್ಲವೋ” ಎಂದು ನಾನು ಹೇಳುತ್ತಿರುವಾಗಲೇ ತಿಯೆಸೆ ಬಾಗಿಲಿಗೆ ಬಂದು ನಿಂತಳು.

“ಹೋಗ್ತೀನಿ” ಎಂದಳು.

ಯಾಕೆ ಹೋಗುತ್ತೇನೆ ಎಂದಳೋ ನನಗೆ ಗೊತ್ತು. ಶಾಲೆ ಇರುವುದು ನಮ್ಮ ಊರಿಂದ ಅರ್ಧ ದಿನದ ನಡಿಗೆಯ ಆಚೆ. ಸೋಮವಾರದಿಂದ ಶುಕ್ರವಾರದವರೆಗೆ ಹನ್ನೊಂದು ಹುಡುಗಿಯರು ಅಲ್ಲಿ ಒಂದು ಮಣ್ಣಿನ ಗುಡಿಸಿಲು ಬಾಡಿಗೆ ಹಿಡಿದು ಇರುತ್ತಾರೆ. ಒಳಗಿನಿಂದ ಹಾಕಲು ಚಿಲಕವಿಲ್ಲ. ಬಾಗಿಲಿಗೆ ತಮ್ಮ ತಗಡಿನ ಪೆಟ್ಟಿಗೆಗಳನ್ನೆಲ್ಲ ಅಡ್ಡ ಒಡ್ಡಿ ಮಲಗುತ್ತಾರೆ. ಹುಡುಗಿಯರಿಗೊಂದು ವಸತಿಗೃಹ ಬೇಕೆಂದು ಅವಳು ಬರೆದಿದ್ದಳು. ಲುಸಾಕಾದಲ್ಲಿ ಅದನ್ನೇ ಬಾಯಿಬಿಟ್ಟು ಹೇಳಬೇಕಿತ್ತು.

ಹುಡುಗಿಯರ ಜೊತೆ ಮನೆಯವರೊಬ್ಬರು ಬರಬೇಕು ಎಂದು ಕಾಗದದಲ್ಲಿತ್ತು. ನಾನೇ ಹೊರಟೆ.

ಅವಳ ಬಾಯಿ ಮುಚ್ಚಿಸಿದವನು ನಾನು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ನಾವು ಅಂಗೋನಿ ಕುಲದವರು. ಉತ್ತರದ ಬೆಂಬಾ ಕುಲದವರು ನಮಗೆ ಭಾವಂದಿರಾಗಬೇಕು. ಹಿಂದೆ ಎರಡೂ ಕಡೆಯ ಅಜ್ಜಂದಿರು ಈಟಿ ಹಿಡಿದು ಹೊಡೆದಾಡಿ, ಸಾಕಾಗಿ ಬಿಟ್ಟಮೇಲೆ ಉಳಿದದ್ದು ಬಾಯಿಜಗಳ ಮಾತ್ರ. ಅವರು ನಮ್ಮನ್ನು ಇಲಿ ತಿನ್ನೋರು ಎನ್ನುತ್ತಾರೆ, ನಾವು ಅವರನ್ನು ಕೋತಿ ತಿನ್ನೋರು ಎನ್ನುತ್ತೇವೆ. ಕೋಪಿಸಿಕೊಳ್ಳುವ ಹಕ್ಕು ಇಬ್ಬರಿಗೂ ಇಲ್ಲ. ಸಾವಿನ ಮನೆಗೆ ಭಾವ ಬರಲೇಬೇಕು. ಗುಂಡಿ ತೋಡುವವನು ಅವನು. ಮೂರನೆಯ ದಿನ ಸತ್ತವರ ಬಟ್ಟೆ ತೊಟ್ಟು, ಅವರ ನಡಿಗೆ ನಡೆದು, ಅತ್ತು ಅತ್ತು ಕಲ್ಲಾದವರನ್ನು ನಗಿಸುವವನೂ ಅವನೇ. ಆ ನಗು ಬಂದರೆ ದುಃಖಕ್ಕೆ ಹೊರಗೆ ಹೋಗಲು ದಾರಿಯಾಗುತ್ತದೆ.

ನಮ್ಮ ಊರಿನ ಪಕ್ಕ ಹಿಟ್ಟಿನ ಗಿರಣಿ ಇಟ್ಟಿರುವ ಚಿಬೇಸಾ ಬೆಂಬಾದವನು. ಜೆಲಿಪಾಳ ಗುಂಡಿ ತೋಡಿದವನು ಅವನೇ. ಮೂರನೆಯ ದಿನ ಅವಳ ಹಳದಿ ತಲೆವಸ್ತ್ರ ಕಟ್ಟಿಕೊಂಡು ಬಂದ. ತಲೆಯ ಮೇಲೆ ಖಾಲಿ ಕೊಡ ಹೊತ್ತು, ಸೊಂಟ ಕುಣಿಸುತ್ತ, ಅವಳು ಕೋಳಿಗಳನ್ನು ಬೈಯುತ್ತಿದ್ದ ಹಾಗೆಯೇ ಬೈದ. ಹೆಂಗಸರು ಸೆರಗಲ್ಲಿ ಮುಖ ಮುಚ್ಚಿಕೊಂಡು ನಗತೊಡಗಿದರು. ತಿಯೆಸೆ ನನ್ನ ಪಕ್ಕ ಚಾಪೆಯ ಮೇಲೆ ಕೂತಿದ್ದಳು. ಅವಳ ಬಾಯಿ ನಗಲು ತೆರೆಯಿತು.

ನನಗೆ ಏನಾಯಿತೋ. ಕೋಲೆತ್ತಿಕೊಂಡು ಎದ್ದೆ. “ನಡಿ ಆಚೆ! ನನ್ನ ಮಗಳ ಬಟ್ಟೆ ಬಿಚ್ಚಿಟ್ಟು ನಡಿ ಆಚೆ!”

ಸಾವಿನ ಮನೆಯಿಂದ ಭಾವನನ್ನು ಓಡಿಸಿದವರನ್ನು ನನ್ನ ಜನ್ಮದಲ್ಲಿ ನಾನು ಕಂಡಿಲ್ಲ. ಚಿಬೇಸಾ ತಲೆವಸ್ತ್ರ ಬಿಚ್ಚಿದ, ನಾಲ್ಕು ಮಡಿಕೆ ಮಡಿಚಿದ, ಚಾಪೆಯ ಅಂಚಿಗೆ ಇಟ್ಟು ಹೊರಟುಹೋದ. ತಿಯೆಸೆಯ ನಗು ಅರ್ಧಕ್ಕೇ ಮುಚ್ಚಿಕೊಂಡಿತು. ಅಂದಿನಿಂದ ನಾನು ಜೋಳ ಬೀಸಿಸಲು ಆ ಗಿರಣಿಗೆ ಹೋಗಿಲ್ಲ. ಮೂಟೆ ಹೊತ್ತು ಎರಡು ಗಂಟೆ ನಡೆದು ಹೊಳೆಯಾಚೆಯ ಗಿರಣಿಗೆ ಹೋಗುತ್ತೇನೆ.

ಆಗಸ್ಟಿನ ಚಳಿಯಲ್ಲಿ ಬಸ್ಸು ಹತ್ತಿದೆವು. ತಿಯೆಸೆ ಕಿಟಕಿಯ ಪಕ್ಕ ಕೂತು ಕಾಗದ ಬಿಡಿಸಿದಳು. ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ಕಟೇಟೆ ದಾಟಿತು, ಪೆಟೌಕೆ ದಾಟಿತು. ಲುವಾಂಗ್ವಾ ಸೇತುವೆಯ ಬಳಿ ಒಣಮೀನು ಮಾರುವವರು ಕಿಟಕಿ ಬಡಿದಾಗಲೂ ಅವಳು ತಲೆ ಎತ್ತಲಿಲ್ಲ.

“ಜೋರಾಗಿ ಓದು ಮಗಾ, ನಾನೂ ಕೇಳ್ತೀನಿ” ಎಂದೆ.

ಅವಳು ಕಾಗದವನ್ನೇ ನನ್ನ ಕೈಗೆ ಕೊಟ್ಟಳು. ನಾನು ಓದಿದ್ದು ಮೂರನೇ ತರಗತಿ. ಇಂಗ್ಲಿಷಿನ ಅಕ್ಷರಗಳೇನೋ ಗುರುತು ಸಿಕ್ಕವು. ಗೌರವದಿಂದ ಅಷ್ಟುದ್ದಕ್ಕೂ ನೋಡಿ ಹಿಂದಕ್ಕೆ ಕೊಟ್ಟೆ.

“ನೀನು ತಲೆಕೆಳಗಾಗಿ ಹಿಡಿದಿದ್ದೆ ಅಜ್ಜ” ಎಂದಳು ಮೆಲ್ಲಗೆ. ಆ ದಿನ ಅವಳು ತಾನಾಗಿ ಆಡಿದ ಮಾತು ಅದೊಂದೇ.

ನಾನು ಲುಸಾಕಾ ನೋಡಿದ್ದು ಸ್ವಾತಂತ್ರ್ಯ ಬಂದ ಮರುವರ್ಷ. ಆಗ ನಡೆದಾಡಿದ ಬೀದಿಗಳಲ್ಲಿ ಒಂದೂ ಗುರುತು ಸಿಗಲಿಲ್ಲ. ಮಕ್ಕಳಿಗೂ ಮನೆಯವರಿಗೂ ಒಂದು ಕಾಲೇಜಿನಲ್ಲಿ ಇಳಿಯಲು ಜಾಗ ಮಾಡಿದ್ದರು. ಸಂಜೆ ಊಟದ ಮನೆಯಲ್ಲಿ ಉದ್ದ ಮೇಜಿನ ಮುಂದೆ ಕೂತು ಎನ್ಶಿಮಾ ಮುದ್ದೆ ಮುರಿಯುತ್ತಿದ್ದೆವು. ಎದುರಿಗೆ ಸಣಕಲ ಹುಡುಗನೊಬ್ಬ ಬಂದು ಕೂತ. ಕೊರಳಿನ ಟೈ ಅವನ ಎದೆಯ ಅರ್ಧಕ್ಕೇ ಮುಗಿದಿತ್ತು. ಹೆಸರು ಕಸೋಂದೆ, ಊರು ಬೆಂಬಾದವರ ಕಸಾಮಾ ಎಂದ. ನಮ್ಮ ಊರು ಕೇಳಿ ಕಣ್ಣರಳಿಸಿದ.

“ಅಯ್ಯೋ, ಅಂಗೋನಿಗಳಾ! ಅಜ್ಜ, ಆ ಚೀಲ ಸ್ವಲ್ಪ ಗಟ್ಟಿಯಾಗಿ ಕಟ್ಟಿ ಇಟ್ಕೊಳ್ಳಿ. ನಿಮ್ಮ ಬುತ್ತಿ ಎದ್ದು ಓಡಿಹೋದೀತು.”

ಚೀಲದಲ್ಲಿ ನಿಜಕ್ಕೂ ಎರಡು ಕಟ್ಟು ಒಣ ಇಲಿ ಇದ್ದವು. ಇಂಥ ಮಾತಿಗೆ ಉತ್ತರ ಕೊಡುವುದು ನನಗೇನು ಹೊಸದಲ್ಲ. ನಿನ್ನ ಬಾಲ ಯಾವ ಜೇಬಲ್ಲಿ ಮಡಚಿಟ್ಟಿದ್ದೀಯೋ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ತಿಯೆಸೆ ನನ್ನನ್ನೇ ನೋಡುತ್ತಿದ್ದಳು. ನನ್ನ ಕಣ್ಣಿಗೆ ಚಾಪೆಯ ಅಂಚಿನ ಹಳದಿ ವಸ್ತ್ರ ಬಂತು. ತಟ್ಟೆ ನೋಡಿಕೊಂಡು ಕೂತುಬಿಟ್ಟೆ. ಅವಳೂ ತಟ್ಟೆ ನೋಡಿದಳು.

ಹುಡುಗನ ಮುಖ ಸಣ್ಣದಾಯಿತು. “ಅಜ್ಜನಿಗೆ ಹುಷಾರಿಲ್ವೇನೋ” ಎಂದು ತಾನೇ ಹೇಳಿಕೊಂಡು ಎದ್ದುಹೋಗಿ ನನಗೊಂದು ಲೋಟ ಬಿಸಿನೀರು ತಂದಿಟ್ಟ.

ಮರುದಿನ ಬೆಳಗ್ಗೆ ಸಭೆ. ಕಾಲೇಜಿನ ದೊಡ್ಡ ಸಭಾಂಗಣವನ್ನು ಸಂಸತ್ತಿನಂತೆಯೇ ಜೋಡಿಸಿದ್ದರು. ಎರಡು ಕಡೆ ಎದುರುಬದುರು ಬೆಂಚು, ನಡುವೆ ಬಣ್ಣ ಬಳಿದ ಮರದ ರಾಜದಂಡ. ಎತ್ತರದ ಕುರ್ಚಿಯಲ್ಲಿ ಕಪ್ಪು ನಿಲುವಂಗಿ ತೊಟ್ಟ ಒಬ್ಬಳು ಕಾಲೇಜು ಹುಡುಗಿ ಸಭಾಧ್ಯಕ್ಷೆ. ಮನೆಯವರಿಗೆಲ್ಲ ಮೇಲೆ ಉಪ್ಪರಿಗೆಯಲ್ಲಿ ಜಾಗ. ಬಿಳಿ ಕೈಗವಸು ತೊಟ್ಟ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು ಎಲ್ಲರಿಗೂ ಹೇಳಿದಳು: “ನೋಡೋರು ನೋಡೋರಾಗೇ ಇರಬೇಕು. ಮಾತಿಲ್ಲ, ಚಪ್ಪಾಳೆ ಇಲ್ಲ, ಎದ್ದು ನಿಲ್ಲೋ ಹಾಗಿಲ್ಲ. ನಿಂತ್ರೆ ಹೊರಗೆ ಕಳಿಸ್ತೀನಿ, ಆಮೇಲೆ ಬೇಜಾರು ಮಾಡ್ಕೋಬಾರ್ದು.”

ಏಳು ಮಕ್ಕಳು ಮಾತಾಡಿದರು. ಎಂಟನೆಯದು ಚಿಪಾಟಾದ ಮಾನ್ಯ ಸದಸ್ಯೆ ತಿಯೆಸೆ ಶಾವಾ.

ಅವಳು ಎದ್ದಳು. ಕಾಗದ ಬಿಡಿಸಿದಳು. ಗಡಿಯಾರದ ದೊಡ್ಡ ಮುಳ್ಳು ಒಂದು ಮನೆ ಜರುಗಿತು. ಅವಳ ತುಟಿ ಬಿಗಿಯಿತು, ಕಣ್ಣು ನೆಲಕ್ಕೆ ಹೋಯಿತು. ಯಾರೋ ಕೆಮ್ಮಿದರು.

“ಮಾನ್ಯ ಸದಸ್ಯರು ಮುಂದುವರಿಸಬಹುದು” ಎಂದಳು ಸಭಾಧ್ಯಕ್ಷೆ.

ಇವಳು ಮುಂದುವರಿಸಲಿಲ್ಲ. ಇನ್ನೇನು ಕೂತುಬಿಡುತ್ತಾಳೆ ಎಂದು ನನಗೆ ಗೊತ್ತಾಯಿತು. ಇಲ್ಲಿ ಕೂತಳೆಂದರೆ ಇನ್ನೆಲ್ಲೂ ಏಳುವುದಿಲ್ಲ ಎಂದೂ ಗೊತ್ತಾಯಿತು. ಅಷ್ಟರಲ್ಲಿ ಎದುರು ಬೆಂಚಿನಲ್ಲಿ ಕಸೋಂದೆ ಎದ್ದು ನಿಂತ. ಇಂಗ್ಲಿಷ್ ಬಿಟ್ಟು, ನನಗೂ ತಿಳಿಯುವ ನ್ಯಾಂಜಾ ಭಾಷೆಯಲ್ಲಿ ಹೇಳಿದ:

“ಮಾನ್ಯ ಸಭಾಧ್ಯಕ್ಷರೇ, ನಮ್ಮತ್ತೆ ಮಗಳ ಗಂಟಲಲ್ಲಿ ಇಲಿ ಬಾಲ ಸಿಕ್ಕಿಕೊಂಡಿರೋ ಹಾಗಿದೆ. ಸ್ವಲ್ಪ ನೀರು ಕೊಡ್ಸಿ, ಪಾಪ.”

ಸಭೆಯೆಲ್ಲ ಅವನ ಕಡೆ ತಿರುಗಿತು. ತಿಯೆಸೆ ತಲೆ ಎತ್ತಿದಳು. ಅವನನ್ನು ನೋಡಿದಳು.

“ಇಲಿ ಬಾಲ ಆದ್ರೆ ಸಣ್ಣದು, ನುಂಗಿದ್ರೆ ಹೋಗುತ್ತೆ. ನಿಂಗೆ ಕೋತಿ ಬಾಲ ಸಿಕ್ಕಿಕೊಂಡ್ರೆ ಅರ್ಧ ಬಾಯಿಂದಾಚೆ ನೇತಾಡ್ತಿರುತ್ತೆ. ಅದನ್ನೇ ಕೊರಳಿಗೆ ಕಟ್ಕೊಂಡು ಬಂದಿದ್ದೀಯಾ?”

ನಗು ಎದ್ದಿತು ನೋಡಿ, ಎರಡೂ ಕಡೆ ಬೆಂಚು ಬಡಿದ ಬಡಿತಕ್ಕೆ ರಾಜದಂಡ ಉರುಳಿಬಿತ್ತು. ಕಸೋಂದೆ ತನ್ನ ಮೋಟು ಟೈ ಹಿಡಿದು ನೋಡಿಕೊಳ್ಳುತ್ತಿದ್ದ. ನನ್ನ ಹುಡುಗಿಯ ಬಾಯಿ ನಗಲು ತೆರೆಯುತ್ತಿತ್ತು.

ಸಭಾಧ್ಯಕ್ಷೆ ಸುತ್ತಿಗೆ ಬಡಿದು ತಾನೂ ನ್ಯಾಂಜಾದಲ್ಲೇ ಗದರಿದಳು. “ಸಭೆಯಲ್ಲಿ ಇಂಥ ಮಾತು ಸಲ್ಲದು! ಇಲ್ಲಿ ಅತ್ತೆ ಮಗಳು, ಮಾವನ ಮಗ ಯಾರೂ ಇಲ್ಲ. ಮಾನ್ಯ ಸದಸ್ಯರು ಮಾತ್ರ ಇರೋದು. ಕಸಾಮಾದ ಸದಸ್ಯರು ಕೂಡಲೇ ಹೊರಗೆ ನಡೀಬೇಕು.”

ನಗು ನಿಂತಿತು. ಕಸೋಂದೆ ಕಾಗದಗಳನ್ನು ಜೋಡಿಸಿಕೊಂಡ. ಅಂಚು ಅಂಚಿಗೆ ಸರಿಯಾಗಿ ಕೂಡಿಸಿ ಮೇಜಿನ ಮೇಲಿಟ್ಟು, ಬಾಗಿಲ ಕಡೆ ಹೊರಟ. ತಿಯೆಸೆಯ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಅದೇ ಬಾಯಿ, ಅದೇ ಅರ್ಧಕ್ಕೆ. ಅದನ್ನು ನಾನು ಮೊದಲೇ ಒಂದು ಸಲ ನೋಡಿದವನು.

ನಾನು ಎದ್ದೆ. ಕೋಲೂ ಕೈಯಲ್ಲಿತ್ತು.

“ಅಮ್ಮಾ ತಾಯಿ, ಅವನನ್ನ ಕಳಿಸಬೇಡಿ! ಅವನು ಭಾವ! ಭಾವನನ್ನ ಹೊರಗೆ ಕಳಿಸಬಾರದು!”

ಅಷ್ಟು ಜೋರಾಗಿ ನಾನು ಕೂಗಿದ್ದು ಆ ಮೂರನೆಯ ದಿನದ ನಂತರ ಇದೇ ಮೊದಲು. ಇಡೀ ಸಭೆ ಮೇಲೆ ನೋಡಿತು. ಬಿಳಿ ಕೈಗವಸಿನ ಹೆಂಗಸು ಆಗಲೇ ನನ್ನ ತೋಳು ಹಿಡಿದಿದ್ದಳು. ಬಾಗಿಲು ದಾಟುವಾಗ ಕೆಳಗಿನಿಂದ ನ್ಯಾಂಜಾದಲ್ಲೇ ಒಂದು ದನಿ ಕೇಳಿತು.

“ಮಾನ್ಯ ಸಭಾಧ್ಯಕ್ಷರೇ, ನನ್ನ ಮಾತು ನಾನು ವಾಪಸ್ ತಗೋತೀನಿ. ಅವನೂ ತಗೋತಾನೆ. ಅವನು ಇಲ್ಲೇ ಇರಲಿ. ನಾನು ಮಾತಾಡೋದು ಅವನಿಗೇ ಕೇಳಿಸಬೇಕು.”

ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನ ಮೇಲೆ ನನ್ನನ್ನು ಕೂರಿಸಿ ಆ ಹೆಂಗಸು ಸೊಂಟದ ಮೇಲೆ ಕೈಯಿಟ್ಟಳು. “ಎಷ್ಟು ಸಲ ಹೇಳಿದೆ ಅಜ್ಜ? ಅಷ್ಟು ಬೇಗ ಮರ್ತುಹೋಯ್ತಾ?”

“ಮರೆವು ನನಗೆ ಬಂದಿಲ್ಲ ತಾಯಿ. ಬಂದಿದ್ದರೆ ಚೆನ್ನಾಗಿತ್ತು.”

“ಮತ್ತೆ ಯಾಕೆ ಎದ್ರಿ?”

“ಒಂದ್ಸಲ ಒಬ್ಬ ಭಾವನ್ನ ನಾನೇ ಹೊರಗೆ ಹಾಕಿದ್ದೆ. ಇನ್ನೊಂದ್ಸಲ ನೋಡ್ಕೊಂಡು ಕೂತಿರೋಕೆ ಆಗ್ಲಿಲ್ಲ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಪಕ್ಕದಲ್ಲಿ ಕೂತು ಕೈಗವಸು ಬಿಚ್ಚಿದಳು. “ನಾನು ಲೋಜಿ ಕುಲದವಳು. ನಮಗೆ ಟೋಂಗಾದವರು ನಿಮ್ಮ ಬೆಂಬಾ ಇದ್ದ ಹಾಗೆ. ನನ್ನ ಗಂಡನೇ ಟೋಂಗಾ. ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು, ಒಂದಿನಾನೂ ಆ ಮನುಷ್ಯ ನನ್ನ ಮರ್ಯಾದೆಯಾಗಿ ಮಾತಾಡ್ಸಿಲ್ಲ.”

“ನೀನು?”

“ನಾನು ಯಾಕೆ ಬಿಡ್ಲಿ?”

ಅವಳು ಎದ್ದುಹೋಗಿ ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದು, ಬೆನ್ನು ಕೊಟ್ಟು ನಿಂತಳು. “ಒಳಗೆ ಬಿಡೋ ಹಾಗಿಲ್ಲ. ಗಾಳಿ ಆಡ್ಲಿ ಅಂತ ತೆಗ್ದಿದ್ದೀನಿ, ಅಷ್ಟೇ.”

ಒಳಗಿಂದ ತಿಯೆಸೆಯ ದನಿ ಬರುತ್ತಿತ್ತು. ಇಂಗ್ಲಿಷಿನಲ್ಲಿ. ನನಗೆ ಅರ್ಥವಾದದ್ದು ಚಿಪಾಟಾ ಎಂಬ ಹೆಸರೊಂದೇ. ಅರ್ಥಕ್ಕಾಗಿ ನಾನು ಕಾಯಲೂ ಇಲ್ಲ. ದನಿ ನಿಲ್ಲುತ್ತದೆಯೋ ಎಂದು ಕಾಯುತ್ತಿದ್ದೆ. ಮೂರು ನಿಮಿಷ ಮುಗಿದ ಗಂಟೆ ಬಾರಿಸಿದರು. ಆಮೇಲೂ ನಿಲ್ಲಲಿಲ್ಲ. ಎರಡನೆಯ ಸಲ ಬಾರಿಸಿದರು. ಹೆಂಗಸು ನನ್ನ ಕಡೆ ತಿರುಗಿ, “ತನ್ನನ್ನೂ ಹೊರಗೆ ಕರ್ಕೊಂಡು ಬರೋ ಹಾಗೆ ಮಾಡ್ತಾಳೆ ನೋಡಿ” ಎಂದು ನಕ್ಕಳು. ನಾನು ಟೋಪಿಯಲ್ಲಿ ಮುಖ ಒರೆಸಿಕೊಂಡೆ.

ಹೊರಡುವ ಮೊದಲು ನನ್ನ ಚೀಲದ ಒಂದು ಕಟ್ಟು ಇಲಿಯನ್ನು ಕಸೋಂದೆಗೆ ಕೊಟ್ಟೆ.

“ತಿನ್ನು ಭಾವ. ಕೋತಿ ತಿಂದು ತಿಂದು ಮರ ಹತ್ತೋ ಬುದ್ಧಿ ಬಂದಿರುತ್ತೆ, ಇದು ತಿಂದ್ರೆ ನೆಲದ ಮೇಲೆ ನಿಲ್ತೀಯ.”

“ಅಬ್ಬಾ, ಅಜ್ಜನಿಗೆ ಹುಷಾರಾಯ್ತು!” ಎಂದು ಅವನು ಎರಡೂ ಕೈಯಲ್ಲಿ ತಗೊಂಡ. ಮೂಸಿ ನೋಡಿ ಮುಖ ಕಿವುಚಿದ. ಹಿಂದಕ್ಕೆ ಮಾತ್ರ ಕೊಡಲಿಲ್ಲ.

ಬಸ್ಸಿನಲ್ಲಿ ತಿಯೆಸೆ ಎಲ್ಲವನ್ನೂ ಮೊದಲಿಂದ ಹೇಳಿದಳು. ನಮ್ಮ ಮಾತಿನಲ್ಲಿ, ಜೋರಾಗಿ. ಬಾಗಿಲಿಗೆ ಒಡ್ಡುವ ಹನ್ನೊಂದು ಪೆಟ್ಟಿಗೆಗಳನ್ನು ಒಂದೊಂದಾಗಿ ಹೇಳಿದಳಂತೆ. ಯಾರದು ನೀಲಿ, ಯಾರದಕ್ಕೆ ಬೀಗವಿಲ್ಲ, ಎಲ್ಲಕ್ಕಿಂತ ಭಾರದ್ದು ಯಾರದು.

“ಕಾಗದದಲ್ಲಿ ಅದಿರ್ಲಿಲ್ಲ ಅಜ್ಜ. ಕಾಗದ ನೋಡ್ಲೇ ಇಲ್ಲ ನಾನು.”

“ಕೊನೆಗೆ ಏನಾಯ್ತು?”

“ಸೋತ್ವಿ! ಇಪ್ಪತ್ತೆಂಟು, ಮೂವತ್ತೊಂದು. ಮೂರೇ ಮತದಲ್ಲಿ ಸೋತ್ವಿ.” ಸೋತದ್ದನ್ನು ಅಷ್ಟು ಸಂಭ್ರಮದಿಂದ ಯಾರೂ ಹೇಳಿದ್ದು ನಾನು ಕೇಳಿಲ್ಲ. “ಕಸೋಂದೆ ಅವರ ಪಕ್ಷ ಬಿಟ್ಟು ನಮ್ಮ ಕಡೆ ಕೈ ಎತ್ತಿದ. ಅವರ ನಾಯಕ ಎಷ್ಟು ಬೈದ ಗೊತ್ತಾ! ಅದಕ್ಕೆ ಇವನು, ‘ಭಾವನ ನೆಂಟಸ್ತನದಲ್ಲಿ ಪಕ್ಷ ಇಲ್ಲ’ ಅಂದ.”

“ಗೆದ್ದಿದ್ದರೆ ಮನೆ ಕಟ್ಟಿಸ್ತಿದ್ರಾ?”

“ಇಲ್ಲ ಅಜ್ಜ, ಅದು ಅಣಕು. ಆದ್ರೆ ಬರೆದುಕೊಂಡ್ರು. ಮುಂದಿನ ತಿಂಗಳು ನಮ್ಮ ಕಡೆಯ ನಿಜವಾದ ಸದಸ್ಯರು ಶಾಲೆಗೆ ಬರ್ತಾರಂತೆ. ಅವರ ಮುಂದೆ ಹೇಳ್ತೀನಿ.”

ಸೇತುವೆಯ ಬಳಿ ಅವಳೇ ಕಿಟಕಿ ಸರಿಸಿ ಒಣಮೀನಿನವಳೊಂದಿಗೆ ಚೌಕಾಸಿಗೆ ಇಳಿದಳು. ಅವಳ ಮಾತು ಮುಗಿಯುವ ಹೊತ್ತಿಗೆ ಬಸ್ಸು ಹೊರಟು, ಮೀನು ಅವಳ ಕೈಯಲ್ಲಿ, ಹೆಂಗಸು ಬಸ್ಸಿನ ಹಿಂದೆ ಓಡುತ್ತ ಬೈಯುತ್ತಿದ್ದಳು. ಕಿಟಕಿಯಿಂದ ದುಡ್ಡು ಎಸೆದೆವು.

ಊರು ತಲುಪಿದ ಮಾರನೆಯ ಬೆಳಗ್ಗೆ ನಾನು ಜೋಳದ ಮೂಟೆ ಹೊತ್ತೆ. ಪೆಟ್ಟಿಗೆಯ ತಳದಿಂದ ಹಳದಿ ತಲೆವಸ್ತ್ರ ತೆಗೆದು ಅಂಗಿಯೊಳಗೆ ಇಟ್ಟುಕೊಂಡೆ. ತಿಯೆಸೆ ಕೇಳದೆಯೇ ಹಿಂದೆ ಬಂದಳು. ಹೊಳೆಯ ದಾರಿ ಬಿಟ್ಟು ಗಿರಣಿಯ ದಾರಿ ಹಿಡಿದಾಗ ಒಂದು ಗಳಿಗೆ ನಿಂತಳು, ಆಮೇಲೆ ನನ್ನ ಮುಂದೆ ನಡೆದಳು.

ಚಿಬೇಸಾ ಬಾಗಿಲಲ್ಲೇ ಇದ್ದ. ಹುಬ್ಬು, ಮೀಸೆ ಎಲ್ಲ ಹಿಟ್ಟು. ನಮ್ಮನ್ನು ನೋಡಿ ಯಂತ್ರದ ಬೆಲ್ಟು ಸರಿಮಾಡುವವನಂತೆ ಬಗ್ಗಿದ. ಆಮೇಲೆ ನೆಟ್ಟಗಾದ.

“ಏನೋ ಅಂಗೋನಿ ಮುದುಕ, ದಾರಿ ತಪ್ಪಿ ಬಂದ್ಯಾ? ಎರಡು ವರ್ಷ ಹಿಟ್ಟಿಲ್ಲದೆ ಬರೀ ಇಲಿ ತಿಂದೇ ಬದುಕಿದ್ಯಲ್ಲೋ!”

ಆ ಮಾತು ಕೇಳಿ ನನ್ನ ಹೆಗಲಿನ ಮೂಟೆ ಹಗುರಾಯಿತು. ಕೆಳಗಿಳಿಸಿದೆ. ಅಂಗಿಯೊಳಗಿಂದ ತಲೆವಸ್ತ್ರ ತೆಗೆದು ಅವನ ಮುಂದೆ ಹಿಡಿದೆ. ಅವನು ಮಡಿಚಿಟ್ಟ ನಾಲ್ಕು ಮಡಿಕೆ ಹಾಗೆಯೇ ಇತ್ತು.

“ಅವತ್ತು ಅರ್ಧಕ್ಕೆ ನಿಂತುಹೋಯ್ತು ಭಾವ” ಎಂದೆ. “ಮುಗಿಸಿಬಿಡು.”

ಚಿಬೇಸಾ ಕೈಯನ್ನು ಚಡ್ಡಿಗೆ ಒರೆಸಿಕೊಂಡು ವಸ್ತ್ರ ತಗೊಂಡ. ಆಮೇಲೆ ಬಿಡಿಸಿ ತಲೆಗೆ ಕಟ್ಟಿದ, ಹಿಟ್ಟಿನ ಡಬ್ಬಿಯೊಂದನ್ನು ಅದರ ಮೇಲೇರಿಸಿದ, ಸೊಂಟ ಕುಣಿಸುತ್ತ ಹೊರಟ. ಗಿರಣಿಯ ಮುಂದಿನ ಕೋಳಿಗಳೆಲ್ಲ ದಿಕ್ಕಾಪಾಲಾದವು. “ಏ ಹಾಳಾದವೇ, ನಿಮ್ಮಜ್ಜ ಯೋತಾಮುವಿನ ಹಾಗೆ ಕಾಲುಕಾಲಿಗೆ ಸಿಗ್ತೀರಲ್ರೇ!”

ತಿಯೆಸೆ ನಕ್ಕಳು. ನಗುತ್ತಲೇ ಅವಳ ಕಣ್ಣಿಂದ ನೀರು ಇಳಿಯಿತು. ಅದನ್ನು ಒರೆಸಿಕೊಳ್ಳದೆ ಚಿಬೇಸಾನ ಬಳಿ ಹೋಗಿ ಡಬ್ಬಿಗೆ ಕೈ ಹಾಕಿದಳು.

“ಅಯ್ಯೋ, ಅಮ್ಮ ಹಾಗೆ ನಡೀತಿರ್ಲಿಲ್ಲ ಮಾವ. ಎಡಗಾಲು ಸ್ವಲ್ಪ ಎಳೀತಿದ್ಲು. ಇಲ್ಲಿ ಕೊಡಿ, ನಾನು ತೋರಿಸ್ತೀನಿ.”